ರಜೆಯ ಗದ್ದಲದಲ್ಲಿ ಎತ್ತ ಹೋಗಬೇಕು: ಸೊಲ್ಲಾಪುರ ಸೀಮೆಯವರಿಗೆ ವಿಜಯಪುರ, ಬಾದಾಮಿ, ಹಂಪಿ, ವೇರೂಳ

ಶನಿವಾರ, ರವಿವಾರದ ಪಕ್ಕದಲ್ಲಿ ಇನ್ನೊಂದು ರಜೆ ಬಿತ್ತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಮಂದ್ರೂಪ, ಜತ್ತ ಕಡೆಯ ಮನೆಗಳಲ್ಲಿ ಗಾಡಿ ಎತ್ತ ತಿರುಗಿಸೋಣ ಎಂಬ ಮಾತು ಏಳುತ್ತದೆ. ನಮ್ಮ ಸೀಮೆಯ ಭಾಗ್ಯ ದೊಡ್ಡದು. ರಾಷ್ಟ್ರೀಯ ಹೆದ್ದಾರಿ 52 ನಮ್ಮ ಊರೊಳಗಿಂದಲೇ ಹಾಯುತ್ತದೆ. ಅದನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಆದಿಲಶಾಹಿಗಳ ವಿಜಯಪುರ, ಅದರಾಚೆ ಚಾಲುಕ್ಯರ ಬಾದಾಮಿ, ವಿಜಯನಗರದ ಹಂಪಿ. ಉತ್ತರಕ್ಕೆ ಹೋದರೆ ಛತ್ರಪತಿ ಸಂಭಾಜಿನಗರ, ಅಂದರೆ ಮೊದಲಿನ ಔರಂಗಾಬಾದ. ಅಲ್ಲಿಂದ ರಾಷ್ಟ್ರಕೂಟರ ವೇರೂಳ (ಎಲ್ಲೋರ) ಮತ್ತು ಅಜಂತಾ. ನಾಲ್ಕರಲ್ಲಿ ಯಾವುದೂ ಕಡಿಮೆಯಲ್ಲ. ಆದರೆ ರಜೆಯ ಗದ್ದಲದಲ್ಲಿ ನಾಲ್ಕೂ ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ.

ಮೊದಲು ದೂರದ ಲೆಕ್ಕ. ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿ.ಮೀ., ಎರಡು ತಾಸು. ಬಾದಾಮಿ ಸುಮಾರು 220 ಕಿ.ಮೀ., ಊಟ ಚಹಾ ಸೇರಿ ಐದು ತಾಸು. ಹಂಪಿಯ ಪಕ್ಕದ ಹೊಸಪೇಟೆ 300ರ ಮೇಲೆ, ಆರು ತಾಸು ಹಿಡಿಯಿರಿ. ಸಂಭಾಜಿನಗರವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿಂದ ವೇರೂಳ ಇನ್ನೂ 30 ಕಿ.ಮೀ., ಅಜಂತಾ ಬೇರೆ ದಿಕ್ಕಿಗೆ 100 ಕಿ.ಮೀ. ಹೀಗಾಗಿ ಎರಡೇ ದಿನದ ರಜೆಗೆ ಹಂಪಿಯನ್ನೂ ಅಜಂತಾವನ್ನೂ ಕೈಬಿಡಿ. ಹನ್ನೆರಡು ತಾಸು ಗಾಡಿಯಲ್ಲಿ ಕೂತು, ಎಂಟು ತಾಸು ಸರದಿಯಲ್ಲಿ ನಿಂತು ಬಂದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಸೆಖೆ ಮತ್ತು ಹಸಿವು ಮಾತ್ರ.

ಎರಡು ರಾಜ್ಯ, ಎರಡು ಕ್ಯಾಲೆಂಡರ್

ಸ್ಥಳ ಆರಿಸುವ ಮೊದಲು ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ಇರಲಿ, ಒಂದು ಮಹಾರಾಷ್ಟ್ರದ್ದು, ಒಂದು ಕರ್ನಾಟಕದ್ದು. ಗಡಿಯಲ್ಲಿ ಇರುವವರಿಗೆ ಸಿಗುವ ದೊಡ್ಡ ಅನುಕೂಲ ಇದೇ, ನಮ್ಮಲ್ಲಿ ಬಹಳ ಜನ ಇದನ್ನು ಬಳಸುವುದೇ ಇಲ್ಲ. ನಮಗೆ ರಜೆ ಇದ್ದು ಆ ಕಡೆಯವರಿಗೆ ಇಲ್ಲದ ದಿನ ಆ ಕಡೆ ಹೋಗಬೇಕು.

ಫೆಬ್ರುವರಿ 19ರ ಶಿವಜಯಂತಿಯನ್ನೇ ನೋಡಿ. ಮಹಾರಾಷ್ಟ್ರದಲ್ಲಿ ಸರ್ಕಾರಿ ರಜೆ, ಕರ್ನಾಟಕದಲ್ಲಿ ಶಾಲೆ ಕಚೇರಿ ಎಲ್ಲ ನಡೆದಿರುತ್ತವೆ. ಅದು ಗುರುವಾರವೋ ಶುಕ್ರವಾರವೋ ಬಂದ ವರ್ಷ ದೇವಗಿರಿ ಕೋಟೆ, ವೇರೂಳದ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಅದೇ ದಿನ ಬಾದಾಮಿಯ ಗುಹೆಗಳಲ್ಲಿ ಆರಾಮವಾಗಿ ನಿಂತು ನೋಡಬಹುದು, ಬಿಸಿಲೂ ಇನ್ನೂ ಬಲಿತಿರುವುದಿಲ್ಲ. ಇದಕ್ಕೆ ತಿರುವುಮುರುವಾಗಿ ನವೆಂಬರ್ 1ರ ರಾಜ್ಯೋತ್ಸವ, ಕನಕದಾಸ ಜಯಂತಿ, ವಾಲ್ಮೀಕಿ ಜಯಂತಿ ಕರ್ನಾಟಕದ ರಜೆಗಳು. ಅವು ವಾರದ ಕೊನೆಗೆ ಅಂಟಿಕೊಂಡು ಬಂದಾಗ ಹಂಪಿಯ ಹೆಸರೇ ಎತ್ತಬೇಡಿ.

ಶಾಲೆಯ ರಜೆಯೂ ಹಾಗೆಯೇ. ಕರ್ನಾಟಕದ ಮಕ್ಕಳಿಗೆ ದಸರೆಗೆ ದೊಡ್ಡ ರಜೆ, ನಮ್ಮ ಮಕ್ಕಳಿಗೆ ದೀಪಾವಳಿಗೆ. ದೀಪಾವಳಿಯಲ್ಲಿ ಭಾವುಬೀಜ (ಸೋದರ ಬಿದಿಗೆ) ಮುಗಿದ ಮೇಲಿನ ಸೋಮವಾರದಿಂದ ಗುರುವಾರದವರೆಗೆ ಕರ್ನಾಟಕದ ಶಾಲೆಗಳು ತೆರೆದಿರುತ್ತವೆ. ಪುಣೆ, ಮುಂಬೈ ಕಡೆಯ ಪ್ರವಾಸಿಗರು ಹಂಪಿಯಲ್ಲೂ ಬಾದಾಮಿಯಲ್ಲೂ ಇದ್ದೇ ಇರುತ್ತಾರೆ, ಆದರೂ ಎರಡೂ ರಾಜ್ಯದ ಮಂದಿ ಒಟ್ಟಿಗೆ ಸೇರಿದ ಗದ್ದಲ ಅಲ್ಲ ಅದು. ದಸರೆಯ ದಿನಗಳಲ್ಲಿ ಉತ್ತರಕ್ಕೆ ಹೊರಡುವವರು ಮಾತ್ರ ಒಂದು ಸಂಗತಿ ಮರೆಯಬಾರದು. ನವರಾತ್ರಿಯಿಂದ ಕೋಜಾಗಿರಿ ಹುಣ್ಣಿವೆಯವರೆಗೆ ಅಂಬಾಭವಾನಿಯ ಭಕ್ತರು ಸೊಲ್ಲಾಪುರದಿಂದ ತುಳಜಾಪುರದ ತನಕ ಹೆದ್ದಾರಿಯ ಮೇಲೆಯೇ ನಡೆದು ಹೋಗುತ್ತಾರೆ. ಹುಣ್ಣಿವೆಯ ಹಿಂದಿನ ರಾತ್ರಿ ಆ 45 ಕಿ.ಮೀ. ರಸ್ತೆಯಲ್ಲಿ ಗಾಡಿ ಓಡಿಸುವುದು ನಿಮಗೂ ಕಷ್ಟ, ನಡೆಯುವವರಿಗೂ ಅಪಾಯ. ಆ ವಾರ ವೇರೂಳದ ಯೋಚನೆ ಬಿಟ್ಟುಬಿಡಿ.

ಇನ್ನು 26 ಜನವರಿ, 15 ಆಗಸ್ಟ್, 2 ಅಕ್ಟೋಬರ್, ಕ್ರಿಸ್‌ಮಸ್. ಇವು ಎರಡೂ ಕಡೆಯ ರಜೆ. ಇಲ್ಲಿ ಕ್ಯಾಲೆಂಡರ್ ಕೈಹಿಡಿಯುವುದಿಲ್ಲ, ಸ್ಥಳದ ಗುಣ ನೋಡಬೇಕು. ನವೆಂಬರಿನಿಂದ ಜನವರಿಯವರೆಗೆ ಕರ್ನಾಟಕದ ಶಾಲೆಗಳ ಪ್ರವಾಸದ ಕಾಲ. ಹಂಪಿ, ಬಾದಾಮಿ, ಗೋಳಗುಮ್ಮಟದ ಮುಂದೆ ಬಸ್ಸುಗಳ ಸಾಲು ನಿಂತಿರುತ್ತದೆ. ಡಿಸೆಂಬರ್ 24ರಿಂದ ಜನವರಿ 1ರ ನಡುವೆ ಹಂಪಿಗೆ ಹೋಗಬೇಡಿ ಎಂದು ಖಂಡಿತವಾಗಿ ಹೇಳುತ್ತೇವೆ. ಶಾಲೆಯ ಬಸ್ಸು, ಬೆಂಗಳೂರಿನ ಕಾರು, ಹೊರದೇಶದ ಪ್ರವಾಸಿಗರು, ಎಲ್ಲರೂ ಸೇರುವುದು ಆಗಲೇ. ಡಿಸೆಂಬರಿನಲ್ಲಿ ಹಂಪಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ ಹನುಮಮಾಲೆ ಧರಿಸಿದವರು ಸಾವಿರಾರು ಸಂಖ್ಯೆಯಲ್ಲಿ ಬರುವ ದಿನವೂ ಇದೆ. ಆ ದಿನ ಯಾವುದೆಂದು ನೋಡಿಕೊಳ್ಳದೆ ಗಂಗಾವತಿಯಲ್ಲಾಗಲಿ ಆನೆಗೊಂದಿಯಲ್ಲಾಗಲಿ ಕೋಣೆ ಹಿಡಿಯಬೇಡಿ. ಹಂಪಿ ಉತ್ಸವ ಇತ್ತೀಚಿನ ವರ್ಷಗಳಲ್ಲಿ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದ ನಡುವೆ ನಡೆದಿದೆ. ಉತ್ಸವವನ್ನೇ ನೋಡಬೇಕೆಂದರೆ ಹೋಗಿ, ಶಿಲ್ಪ ನೋಡಬೇಕೆಂದರೆ ಆ ಮೂರು ದಿನ ಬೇಡ.

ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆ ಬನದ ಹುಣ್ಣಿವೆಗೆ, ಹೆಚ್ಚಾಗಿ ಜನವರಿಯಲ್ಲಿ ಬರುತ್ತದೆ. ತೇರು ಎಳೆದ ಮೇಲೂ ನಾಟಕ ಕಂಪನಿಗಳ ತಂಬುಗಳು ವಾರಗಟ್ಟಲೆ ಅಲ್ಲೇ ಇರುತ್ತವೆ. ಜಾತ್ರೆ, ನಾಟಕ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಬಾದಾಮಿಯಲ್ಲಿ ಆಗ ಕೋಣೆ ಸಿಗುವುದಿಲ್ಲ.

ವಿಜಯಪುರ: ನಸುಕಿನ ಊರು

ಒಂದೇ ದಿನ ಇದ್ದರೆ, ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ, ಕೊನೆಯ ಗಳಿಗೆಯಲ್ಲಿ ಹೊರಡುವುದಾದರೆ ವಿಜಯಪುರವೇ ಸರಿ. ಊರು ಸಮತಟ್ಟು, ನೋಡುವ ಜಾಗಗಳೆಲ್ಲ ಕೆಲವೇ ಕಿಲೋಮೀಟರಿನೊಳಗೆ, ಆಟೋ ಟಾಂಗಾ ಎರಡೂ ಇವೆ. ಟಾಕಳಿ ದಾಟಿ ಭೀಮೆಯ ಸೇತುವೆ ಹಾಯ್ದರೆ ಧೂಳಖೇಡ, ಝಳಕಿ, ಹೊರ್ತಿ, ಮುಂದೆ ವಿಜಯಪುರ. ಮಹಾರಾಷ್ಟ್ರ ನೋಂದಣಿಯ ಬಾಡಿಗೆ ಗಾಡಿ ಮಾಡುವುದಾದರೆ ಕರ್ನಾಟಕದ ಪರ್ಮಿಟ್ ಖರ್ಚು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಎಂದು ಮೊದಲೇ ಕೇಳಿ. ಗಡಿಯಲ್ಲಿ ಗಾಡಿ ನಿಲ್ಲಿಸಿಕೊಂಡು ವಾದ ಮಾಡುವ ಪ್ರಸಂಗ ಬರುವುದು ಇದೇ ಕಾರಣಕ್ಕೆ.

ಗೋಳಗುಮ್ಮಟವನ್ನು ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿಯೇ ನೋಡಬೇಕು. ಮುಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627–1656) ಈ ಗೋರಿಯ ಗುಮ್ಮಟದ ಹೊರ ವ್ಯಾಸ 44 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಬುಡದಲ್ಲಿ ಸುತ್ತುಗಟ್ಟೆ, ಅದೇ ಪಿಸುಮಾತಿನ ಗ್ಯಾಲರಿ. ಇಲ್ಲಿ ಆಗುವ ಕೆಲಸ ಸರಳ. ದುಂಡನೆಯ ಗೋಡೆಯ ಮೈಗುಂಟ ದನಿ ಜಾರುತ್ತ ಸಾಗುತ್ತದೆ, ನಡುಬಯಲಿಗೆ ಚೆದುರುವುದಿಲ್ಲ. ಒಬ್ಬರು ಈ ಕಡೆ ಗೋಡೆಗೆ ಮುಖ ಮಾಡಿ ಕೂತು ಕಾಗದದ ತುಂಡನ್ನು ಮೆಲ್ಲಗೆ ಹರಿಯಲಿ. ಇನ್ನೊಬ್ಬರು ಎದುರುಬದಿಯಲ್ಲಿ ಗೋಡೆಗೆ ಕಿವಿ ಹತ್ತಿರ ಹಿಡಿಯಲಿ. ಕಿವಿಯ ಪಕ್ಕದಲ್ಲೇ ಹರಿದಂತೆ ಕೇಳುತ್ತದೆ. ಒಂದು ಚಪ್ಪಾಳೆ ಏಳು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಮರಳಿ ಬರುತ್ತದೆ.

ಇದೆಲ್ಲ ನಡೆಯುವುದು ಗ್ಯಾಲರಿಯಲ್ಲಿ ಹತ್ತಿಪ್ಪತ್ತು ಜನ ಇರುವಾಗ. ರಜೆಯ ದಿನ ಒಂಬತ್ತು ಗಂಟೆಗೆ ಶಾಲೆಯ ಮೊದಲ ಬಸ್ಸು ಬಂತೆಂದರೆ ನೂರು ಮಕ್ಕಳ ಕೂಗು ಏಳುಪಟ್ಟಾಗಿ ತಲೆಯ ಮೇಲೆ ಬೀಳುತ್ತದೆ, ಪಿಸುಮಾತಿನ ಮಾತೇ ಇಲ್ಲ. ಕಿರಿದಾದ ಮೆಟ್ಟಿಲಲ್ಲಿ ಹತ್ತುವವರೂ ಇಳಿಯುವವರೂ ಎದುರಾಗಿ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ, ಇಲ್ಲವೆ ಸೊಲ್ಲಾಪುರವನ್ನು ನಾಲ್ಕು ಗಂಟೆಗೆ ಬಿಡಿ. ಮೆಟ್ಟಿಲು ಹತ್ತಲಾಗದ ಹಿರಿಯರು ಕೆಳಗೆ ಗೋರಿಯ ಕಟ್ಟೆಯ ಹತ್ತಿರ ಕೂತರೂ ಆ ಗುಮ್ಮಟದ ಕೆಳಗಿನ ಬಯಲು ನೋಡಿದ್ದೇ ಒಂದು ಅನುಭವ.

ಎಂಟೂವರೆಗೆ ಅಲ್ಲಿಂದ ಹೊರಟು ಇಬ್ರಾಹಿಂ ರೋಜಾಕ್ಕೆ ಹೋಗಿ. ಕಲೆಯ ಕಣ್ಣಿನಿಂದ ನೋಡಿದರೆ ಇಡೀ ವಿಜಯಪುರದಲ್ಲಿ ಇದೇ ಮೇಲು. ಸಂಗೀತಪ್ರೇಮಿ ಅರಸ ಎರಡನೆಯ ಇಬ್ರಾಹಿಂ ಆದಿಲ್ ಶಾಹನ (1580–1627) ಸಮಾಧಿ ಇದು. ಕಿಟಕಿಗಳ ಜಾಲಂಧ್ರವನ್ನು ಹತ್ತಿರ ಹೋಗಿ ನೋಡಿ. ಅಲ್ಲಿ ಅಕ್ಷರಗಳನ್ನೇ ಕೊರೆದು ಜಾಲಿ ಮಾಡಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ರಜೆಯಲ್ಲೂ ಇಲ್ಲಿ ಗೋಳಗುಮ್ಮಟದ ಅರ್ಧದಷ್ಟೂ ಮಂದಿ ಇರುವುದಿಲ್ಲ. ಬಳಿಕ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು, ಕಟ್ಟಡ ಪೂರ್ತಿಯಾಗದೆ ಕಮಾನುಗಳಷ್ಟೇ ನಿಂತ ಬಾರಾಕಮಾನ್. ಮಧ್ಯಾಹ್ನ ಒಂದರೊಳಗೆ ಎಲ್ಲ ಮುಗಿಯುತ್ತದೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆ

ಎರಡು ರಾತ್ರಿ ಉಳಿಯಲು ಸಾಧ್ಯವಿದ್ದವರಿಗೆ ನಮ್ಮ ಮೊದಲ ಆಯ್ಕೆ ಇದು. ಹಂಪಿಯಷ್ಟು ಹೆಸರು ಇದಕ್ಕಿಲ್ಲ. ಅದಕ್ಕೇ ಗದ್ದಲವೂ ಅಷ್ಟಿಲ್ಲ. ಮೂರು ಊರುಗಳಲ್ಲಿ ಹಂಚಿಹೋಗಿರುವುದರಿಂದ ಬಂದ ಮಂದಿಯೂ ಹಂಚಿಹೋಗುತ್ತಾರೆ.

ತೊಂದರೆ ಇರುವುದು ಕೋಣೆಯದ್ದು. ಬಾದಾಮಿ ಚಿಕ್ಕ ಊರು. ಮಯೂರ ಚಾಲುಕ್ಯ ಸೇರಿ ಒಳ್ಳೆಯ ವಸತಿಗೃಹಗಳು ಬೆರಳೆಣಿಕೆಯಷ್ಟೇ, ದೊಡ್ಡ ರಜೆಗೆ ತಿಂಗಳ ಮೊದಲೇ ತುಂಬುತ್ತವೆ. ಸಿಗದಿದ್ದರೆ ಗಾಬರಿಯಾಗಬೇಡಿ. ಬಾಗಲಕೋಟೆಯಲ್ಲಿ ಉಳಿಯಿರಿ, ಅಲ್ಲಿಂದ ಬಾದಾಮಿ ಒಂದು ತಾಸು. ಇಳಕಲ್ಲಿನಲ್ಲೂ ಉಳಿಯಬಹುದು, ಅಲ್ಲಿಂದ ಐಹೊಳೆಯಿಂದ ಶುರುಮಾಡುವುದು ಅನುಕೂಲ, ಸೀರೆ ನೋಡುವ ಕೆಲಸವೂ ಆದೀತು.

ರೈಲಿನ ಮಟ್ಟಿಗೆ ನಮಗೆ ಇದಕ್ಕಿಂತ ಸುಲಭದ ಊರು ಇಲ್ಲ. ಪಂಢರಪುರ–ಮೈಸೂರು ಗೋಲಗುಂಬಜ ಎಕ್ಸ್‌ಪ್ರೆಸ್ಸೂ ಮುಂಬೈ–ಹೊಸಪೇಟೆ ಎಕ್ಸ್‌ಪ್ರೆಸ್ಸೂ ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ, ಬಾದಾಮಿ ಮೇಲೆಯೇ ಹೋಗುತ್ತವೆ. ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ರಜೆಯ ಶುಕ್ರವಾರದ್ದಾದರೆ ತೆರೆದ ದಿನವೇ ಮಾಡಿಸಿ. ತತ್ಕಾಲ್ ಎಂದರೆ ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರಿಗೆ 11 ಗಂಟೆ. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು ಐದು ಕಿ.ಮೀ. ದೂರ, ಆಟೋ ಹಿಡಿಯಬೇಕು.

ಹೊರಗಿನಿಂದ ಬರುವ ಬಸ್ಸುಗಳ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ಬೆಳಿಗ್ಗೆ 10ರಿಂದ 1ರವರೆಗೆ ಬಾದಾಮಿ ಗುಹೆ, ಬನಶಂಕರಿಯಲ್ಲಿ ಊಟ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ನೀವು ಅದನ್ನು ಮುರಿಯಿರಿ. ಬೆಳಿಗ್ಗೆ ಏಳಕ್ಕೆ 22 ಕಿ.ಮೀ. ದೂರದ ಪಟ್ಟದಕಲ್ಲಿನಲ್ಲಿರಿ, ಹತ್ತಕ್ಕೆ ಐಹೊಳೆ, ಒಂದೂವರೆಗೆ ಬಾದಾಮಿಗೆ ವಾಪಸ್. ಊಟ ಮಾಡಿ ಒಂದು ನಿದ್ದೆ ತೆಗೆದು ಮೂರೂವರೆಗೆ ಗುಹೆ ಹತ್ತಿ. ಅಷ್ಟೊತ್ತಿಗೆ ಬಸ್ಸುಗಳು ಪಟ್ಟದಕಲ್ಲಿಗೆ ಹೋಗಿರುತ್ತವೆ.

ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯಕ್ಕೆ ಒಂದು ತಾಸಾದರೂ ಕೊಡಿ. ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಕಟ್ಟಿಸಿದ್ದು. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿಯೇ ಹಳಗನ್ನಡದಲ್ಲಿ ಕೆತ್ತಿದೆ. ಅರಸನ ಹೆಸರಿನ ಜೊತೆ ಕುಶಲಕರ್ಮಿಯ ಹೆಸರೂ ಉಳಿದದ್ದು ಅಪರೂಪ, ಮಕ್ಕಳಿಗೆ ಇದನ್ನು ತೋರಿಸಲೇಬೇಕು. ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ಮುಖಮಂಟಪದ ಕಂಬಗಳ ಮೇಲೆ ನೇರ ಬೀಳುತ್ತದೆ. ಕಂಬದ ಮೇಲಿನ ಕಥಾಪಟ್ಟಿಗಳು ಆಳವಿಲ್ಲದ ಕೆತ್ತನೆ. ಮಧ್ಯಾಹ್ನದ ನೆತ್ತಿಬೆಳಕಿನಲ್ಲಿ ಅವು ಗೋಡೆಯಲ್ಲಿ ಕರಗಿಹೋಗುತ್ತವೆ, ಏಳೂವರೆಯ ಓರೆಬಿಸಿಲಿನಲ್ಲಿ ಬೆರಳಿನ ಗೆಣ್ಣು ಸಹ ಎದ್ದು ಕಾಣುತ್ತದೆ.

ಐಹೊಳೆಯಲ್ಲಿ ಹಿಂಭಾಗ ದುಂಡಗಿರುವ ದುರ್ಗ ದೇವಾಲಯವನ್ನಷ್ಟೇ ನೋಡಿ ಗಾಡಿ ಹತ್ತುವವರೇ ಬಹಳ. ರಾವಣಫಡಿ ಗುಹೆಗೆ ಹೋಗಿ, ಅಲ್ಲಿನ ನಟರಾಜನನ್ನು ನೋಡಿ. ಮೇಗುತಿ ಗುಡ್ಡ ಹತ್ತುವ ಶಕ್ತಿ ಇದ್ದರೆ 634ರ ರವಿಕೀರ್ತಿಯ ಶಾಸನವಿದೆ, ಇಮ್ಮಡಿ ಪುಲಿಕೇಶಿಯ ಚರಿತ್ರೆಯ ಮೂಲವೇ ಅದು.

ಬಾದಾಮಿಯ ನಾಲ್ಕು ಗುಹೆಗಳಲ್ಲಿ ಮೂರನೆಯದು ದೊಡ್ಡದು, ಶಕ 500 ಅಂದರೆ 578ರ ಶಾಸನ ಇರುವುದು ಅಲ್ಲಿಯೇ. ಅದೇ ಗುಹೆಯಲ್ಲಿ ಚಾಲುಕ್ಯ ಅರಸ ಮಂಗಲೇಶನ ಹಳಗನ್ನಡ ಶಾಸನವೂ ಇದೆ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆಯೇ ಎಲ್ಲರೂ ಫೋಟೋಕ್ಕೆ ನಿಲ್ಲುವುದರಿಂದ ಸರದಿ ಅಲ್ಲೇ ಗಂಟು ಬೀಳುತ್ತದೆ. ಅದನ್ನು ದಾಟಿ ನೇರ ನಾಲ್ಕನೆಯ ಜೈನ ಗುಹೆಗೆ ಹೋಗಿ ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ.

ಮಂಗಗಳ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅವುಗಳ ಕಣ್ಣು ಇರುವುದು ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಚೀಲದ ಮೇಲೆ. ಒಳಗೆ ಔಷಧಿ ಇದ್ದರೂ ಅವಕ್ಕೆ ಅದು ಬಾಳೆಹಣ್ಣೇ. ನೀರಿನ ಬಾಟಲಿ, ತಿನಿಸು ಎಲ್ಲ ಜಿಪ್ ಹಾಕಿದ ಬೆನ್ನಚೀಲದಲ್ಲಿರಲಿ, ಚಿಕ್ಕ ಮಕ್ಕಳ ಕೈಗೆ ಏನೂ ಕೊಡಬೇಡಿ. ಹಿಡಿದೆಳೆದರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತವೆ. ಮಂಗ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದು ಹಾಕಿಸಬೇಕು.

ಸಂಜೆ ಗುಹೆಯಿಂದ ಇಳಿದು ಅಗಸ್ತ್ಯತೀರ್ಥದ ಕೆರೆಯ ದಂಡೆಗುಂಟ ಭೂತನಾಥ ದೇವಾಲಯಕ್ಕೆ ನಡೆದು ಹೋಗಿ. ಇಳಿಬಿಸಿಲು ಅದರ ಮುಖದ ಮೇಲೆ ಬಿದ್ದು ಕೆಂಪು ಮರಳುಗಲ್ಲು ಕೆಂಡದ ಬಣ್ಣ ತಾಳುತ್ತದೆ.

ಆಗಸ್ಟಿನಲ್ಲಿ ಹೊರಡುವವರು ಮಲಪ್ರಭೆಯ ಮಟ್ಟ ಕೇಳಿಕೊಳ್ಳಬೇಕು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೇ ನೀರು ನುಗ್ಗಿತ್ತು.

ಹಂಪಿ: ಮೂರು ದಿನ ಇದ್ದರೆ ಮಾತ್ರ

ಹಂಪಿಯ ಗದ್ದಲ ಇಡೀ ಹಂಪಿಯ ಗದ್ದಲವಲ್ಲ. ವಿರೂಪಾಕ್ಷ ದೇವಾಲಯ, ವಿಠ್ಠಲ ದೇವಾಲಯ, ಕಮಲ ಮಹಲ್, ಅಂಜನಾದ್ರಿ, ಈ ನಾಲ್ಕೇ ಕಡೆ ಮಂದಿ ಮುಗಿಬೀಳುತ್ತಾರೆ. ಉಳಿದ ಬಯಲು ರಜೆಯಲ್ಲೂ ಖಾಲಿ. ಅಚ್ಯುತರಾಯ ದೇವಾಲಯದ ಬೀದಿಯಲ್ಲಿ, ಮಹಾನವಮಿ ದಿಬ್ಬದ ಸುತ್ತಿನ ಕೆತ್ತನೆಯ ಮುಂದೆ ಹೊಸ ವರ್ಷದ ವಾರದಲ್ಲೂ ನೆಮ್ಮದಿಯಿಂದ ನಿಲ್ಲಬಹುದು. ಹಂಪಿ ಬಲ್ಲವರಿಗೆ ಇದು ಗೊತ್ತು. ಮೊದಲ ಸಲ ಹೋಗುವವರಿಗೆ ಆ ನಾಲ್ಕನ್ನು ಬಿಡಲಾಗದು, ತೊಂದರೆ ಇರುವುದೇ ಅಲ್ಲಿ.

ಎಲ್ಲರೂ ಹೊಸಪೇಟೆಯಿಂದ ಬಂದು ಮೊದಲು ವಿರೂಪಾಕ್ಷ, ಆಮೇಲೆ ವಿಠ್ಠಲ ಎಂದು ಹೊರಡುತ್ತಾರೆ. ವಿಠ್ಠಲ ದೇವಾಲಯದ ಹತ್ತಿರ ಸ್ವಂತ ಗಾಡಿ ಬಿಡುವುದಿಲ್ಲ. ಗೆಜ್ಜಲ ಮಂಟಪದ ಬಳಿ ನಿಲ್ಲಿಸಿ ಸುಮಾರು ಒಂದು ಕಿ.ಮೀ. ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. 11ರಿಂದ 3ರವರೆಗೆ ಆ ಗಾಡಿಯ ಸರದಿ ಒಂದು ತಾಸು ಮೀರುವುದುಂಟು. ನೀವು ವಿಠ್ಠಲವನ್ನು ಬೆಳಿಗ್ಗೆ ಎಂಟೂವರೆಗೆ, ಬಾಗಿಲು ತೆರೆಯುವಾಗಲೇ ನೋಡಿ. ಕಾಲು ಗಟ್ಟಿ ಇದ್ದವರಿಗೆ ಇನ್ನೂ ಚೆಂದದ ದಾರಿ ಒಂದಿದೆ: ಹಂಪಿ ಬಜಾರಿನಿಂದ ತುಂಗಭದ್ರೆಯ ದಂಡೆಗುಂಟ ಕೋದಂಡರಾಮ ದೇವಾಲಯ, ಅರಸರ ತುಲಾಭಾರದ ಕಲ್ಲುತಕ್ಕಡಿ ನೋಡುತ್ತ ಸುಮಾರು ಎರಡು ಕಿ.ಮೀ. ನಡಿಗೆ. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಈ ದಾರಿಯ ಕೆಲವು ಕಡೆ ನೀರು ಬರುತ್ತದೆ, ಹರಿಗೋಲೂ ನಿಲ್ಲುತ್ತದೆ. ಆಗಸ್ಟ್ 15ರ ರಜೆಯವರು ವಿಚಾರಿಸಿ ಹೊರಡಿ.

ವಿಠ್ಠಲದ ಟಿಕೆಟ್ ಎಸೆಯಬೇಡಿ. ಅದೇ ದಿನ ಕಮಲ ಮಹಲ್, ಆನೆ ಲಾಯದ ಆವರಣಕ್ಕೂ ಅದೇ ನಡೆಯುತ್ತದೆ. ಕಲ್ಲಿನ ರಥವನ್ನು ಹತ್ತುವುದು, ಸಂಗೀತದ ಕಂಬ ಬಡಿಯುವುದು ಎರಡೂ ನಿಷಿದ್ಧ. ಬಡಿದು ಬಡಿದೇ ಆ ಕಂಬಗಳು ಸವೆದಿವೆ, ಯಾರಾದರೂ ಮಾರ್ಗದರ್ಶಿ ನಾಣ್ಯದಿಂದ ಬಡಿದು ತೋರಿಸುತ್ತೇನೆ ಎಂದರೆ ಬೇಡ ಎನ್ನಿ.

ಅಂಜನಾದ್ರಿಗೆ 575 ಮೆಟ್ಟಿಲು. ಶನಿವಾರ ಹನುಮಂತನ ವಾರ, ರಜೆಯೂ ಸೇರಿದರೆ ಮೆಟ್ಟಿಲ ಮೇಲೆ ಸಾಲು. ಸೂರ್ಯೋದಯ ನೋಡುವ ಆಸೆಗೆ ಮಾತಂಗ ಬೆಟ್ಟ ಸಾಕು. ಆದರೆ ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಹತ್ತಬೇಡಿ, ಕಲ್ಲುಗಳು ನುಣುಪಾಗಿ ಜಾರುತ್ತವೆ.

ಕೋಣೆಗೆ ಹೊಸಪೇಟೆ ಸಿಗದಿದ್ದರೆ ಕೊಪ್ಪಳ ನೋಡಿ, ಬಹಳ ಜನ ಅದನ್ನು ಮರೆಯುತ್ತಾರೆ.

ವೇರೂಳ ಮತ್ತು ಅಜಂತಾ

ಇಲ್ಲಿ ಮೊದಲು ತಪ್ಪುವುದು ವಾರದ ರಜೆ. ಅಜಂತಾ ಸೋಮವಾರ ಮುಚ್ಚಿರುತ್ತದೆ, ವೇರೂಳ ಮಂಗಳವಾರ. ಶನಿ, ರವಿ, ಸೋಮ ರಜೆ ಎಂದರೆ ಅಜಂತಾವನ್ನು ರವಿವಾರ ಮುಗಿಸಿ ಸೋಮವಾರ ಬೆಳಿಗ್ಗೆ ವೇರೂಳ ನೋಡಿ ಊರಿಗೆ ಹೊರಡಬೇಕು. ಇದನ್ನು ತಿರುವುಮುರುವು ಮಾಡಿ 100 ಕಿ.ಮೀ. ಹೋಗಿ ಮುಚ್ಚಿದ ಬಾಗಿಲು ನೋಡಿ ಬರುವವರು ಪ್ರತಿ ರಜೆಯಲ್ಲೂ ಇರುತ್ತಾರೆ. ಶ್ರಾವಣ ಸೋಮವಾರ ಮಾತ್ರ ವೇರೂಳವೂ ಬೇಡ. ಗುಹೆಗಳ ಮಗ್ಗುಲಲ್ಲೇ ಘೃಷ್ಣೇಶ್ವರ ಜ್ಯೋತಿರ್ಲಿಂಗ, ರಸ್ತೆ ಪೂರ್ತಿ ಕಟ್ಟಿಕೊಳ್ಳುತ್ತದೆ.

ಕೋಣೆಯ ವಿಷಯದಲ್ಲಿ ನಾಲ್ಕರಲ್ಲಿ ಇದೇ ಸುಲಭ. ಸಂಭಾಜಿನಗರ ದೊಡ್ಡ ಊರು, ಕೊನೆಯ ವಾರದಲ್ಲೂ ಸಿಗುತ್ತವೆ.

ವೇರೂಳದ 34 ಗುಹೆಗಳಲ್ಲಿ 1ರಿಂದ 12 ಬೌದ್ಧ, 13ರಿಂದ 29 ಹಿಂದೂ, 30ರಿಂದ 34 ಜೈನ. ಎಲ್ಲರಿಗೂ ಬೇಕಾದದ್ದು 16, ಕೈಲಾಸ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು, ಎಂಟನೆಯ ಶತಮಾನ. ಬೆಟ್ಟವನ್ನು ಮೇಲಿನಿಂದ ಕೆಳಗೆ ಕಡಿದು ಇಳಿಸಿದ್ದು. ಅಂಗಳದ ಉದ್ದ 276 ಅಡಿ, ಅಗಲ 154, ಹಿಂಬದಿಯ ಆಳ 107 ಅಡಿ. ಇಡೀ ದೇವಾಲಯದ ಅಂಗರಚನೆಗೆ ಮಾದರಿ ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ: ಮುಂದೆ ನಂದಿಮಂಟಪ, ನಡುವೆ ಸಭಾಮಂಟಪ, ಹಿಂದೆ ಗರ್ಭಗುಡಿಯ ಮೇಲಿನ ವಿಮಾನ (ಶಿಖರ). ಎರಡನ್ನೂ ನೋಡುವ ಯೋಗ ಇದ್ದವರು ಪಟ್ಟದಕಲ್ಲನ್ನು ಮೊದಲು ನೋಡಿ, ಮುಂದಿನ ರಜೆಗೆ ವೇರೂಳಕ್ಕೆ ಹೋಗಿ. ಮಲಪ್ರಭೆಯ ದಂಡೆಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದನ್ನು ಇಲ್ಲಿ ಬೆಟ್ಟದೊಳಗಿಂದ ಬಿಡಿಸಿ ತೆಗೆದದ್ದು ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ವೇರೂಳದ ಗುಹೆಗಳ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಆರರಿಂದ ಎಂಟು ಕೈಲಾಸ ನೆರಳಲ್ಲಿ ಇರುತ್ತದೆ, ಫೋಟೋ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ, ಆದರೆ ದಕ್ಷಿಣದ ಗೋಡೆಯಲ್ಲಿ ಕೈಲಾಸ ಅಲುಗಿಸುವ ರಾವಣನ ಮುಂದೆ ನೀವು ಒಬ್ಬರೇ ನಿಂತಿರುತ್ತೀರಿ. ಎಂಟರ ಮೇಲೆ ಬಸ್ಸಿನಲ್ಲಿ ಜೈನ ಗುಹೆಗಳಿಗೆ ಹೋಗಿ 32 ನೋಡಿ, ಮರಳಿ ಬಂದು 10, 12, 15 ಮುಗಿಸಿ. 15ರಲ್ಲಿ ರಾಷ್ಟ್ರಕೂಟ ಅರಸ ದಂತಿದುರ್ಗನ ಶಾಸನವಿದೆ.

ಅಜಂತಾಕ್ಕೆ ಸ್ವಂತ ಗಾಡಿ ಸುಮಾರು ನಾಲ್ಕು ಕಿ.ಮೀ. ಮೊದಲೇ ಫರ್ದಾಪುರ ತಿರುವಿನಲ್ಲಿ ನಿಲ್ಲುತ್ತದೆ, ಮುಂದೆ ಎಸ್‌ಟಿ ಬಸ್ಸು. ಬಾಗಿಲು 9ಕ್ಕೆ. ಒಳಗೆ ಹೋದೊಡನೆ ಎಲ್ಲರೂ 1ನೆಯ ಗುಹೆಗೆ ನಿಲ್ಲುತ್ತಾರೆ, ನೀವು ನೇರ 17ಕ್ಕೆ ನಡೆದು 17, 16 ನೋಡುತ್ತ ಹಿಂದೆ ಬನ್ನಿ. ಊಟದ ಹೊತ್ತಿಗೆ 2 ಮತ್ತು 1ರ ಸರದಿ ಇಳಿದಿರುತ್ತದೆ. ಚಿತ್ರಗಳ ರಕ್ಷಣೆಗೆ ಒಳಗೆ ಬೆಳಕು ಮಂದ. ಹೊರಗಿನ ಬಿಸಿಲಿನಿಂದ ಹೋದ ಕಣ್ಣಿಗೆ ಮೊದಲೆರಡು ನಿಮಿಷ ಏನೂ ಕಾಣುವುದಿಲ್ಲ. ಗದ್ದಲದಲ್ಲಿ ಕಣ್ಣು ಹೊಂದಿಕೊಳ್ಳುವ ಮೊದಲೇ ಹೊರಗೆ ಕಳಿಸುತ್ತಾರೆ. ಸರದಿಯಲ್ಲಿ ನಿಂತಾಗಲೇ ನೆರಳಿನ ಕಡೆ ಮುಖಮಾಡಿ, ತಂಪು ಕನ್ನಡಕ ಹಾಕಿಕೊಂಡಿರಿ, ಒಳಗೆ ಹೋಗುವಾಗ ತೆಗೆಯಿರಿ. 1ನೆಯ ಗುಹೆಯ ಬೋಧಿಸತ್ವ ಪದ್ಮಪಾಣಿಯ ಹುಬ್ಬಿನ ಗೆರೆ ಕಾಣಲು ಇಷ್ಟು ಎಚ್ಚರ ಬೇಕೇ ಬೇಕು. ನಡೆಯಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ, ದರ ಮೊದಲೇ ಮಾತಾಡಿ.

ಟಿಕೆಟ್, ಬುತ್ತಿ, ಮರಳುವ ದಾರಿ

ಪುರಾತತ್ವ ಇಲಾಖೆಯ ದರ ಹೀಗಿದೆ: ಹಂಪಿ, ಪಟ್ಟದಕಲ್ಲು, ವೇರೂಳ, ಅಜಂತಾಕ್ಕೆ ತಲಾ 40 ರೂಪಾಯಿ, ಬಾದಾಮಿ, ಐಹೊಳೆ, ಗೋಳಗುಮ್ಮಟ, ಇಬ್ರಾಹಿಂ ರೋಜಾಕ್ಕೆ ತಲಾ 25. ಆನ್‌ಲೈನಿನಲ್ಲಿ ಐದು ರೂಪಾಯಿ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಐದು ರೂಪಾಯಿಗಿಂತ ಸರದಿ ತಪ್ಪುವುದೇ ಲಾಭ. ಆದರೆ ಗೇಟಿನ ಮುಂದೆ ನಿಂತು ಕ್ಯೂಆರ್ ಹೊಡೆಯಲು ಹೋಗಬೇಡಿ, ಸಾವಿರ ಫೋನುಗಳ ನಡುವೆ ನೆಟ್‌ವರ್ಕ್ ಸಿಗುವುದಿಲ್ಲ. ಹಿಂದಿನ ರಾತ್ರಿ ಕೋಣೆಯಲ್ಲೇ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಈ ಸ್ಥಳಗಳ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ.

ಬುತ್ತಿ ಕಟ್ಟಿಕೊಂಡು ಹೋಗುವುದಕ್ಕೆ ಸಂಕೋಚ ಬೇಡ. ಪಟ್ಟದಕಲ್ಲು, ಐಹೊಳೆಯಲ್ಲಿ ಊಟದ ಅಂಗಡಿ ಕಡಿಮೆ, ರಜೆಯ ದಿನ ಎರಡು ಗಂಟೆಗೆ ಅನ್ನ ಮುಗಿದಿರುತ್ತದೆ. ಕಡಕ್ ರೊಟ್ಟಿ ತಲೆಗೆ ನಾಲ್ಕರಂತೆ ಡಬ್ಬಿಯಲ್ಲಿ, ನಮ್ಮ ಸೊಲ್ಲಾಪುರದ ಶೇಂಗಾ ಚಟ್ನಿ ಕಾಲು ಕಿಲೋ, ಉಳ್ಳಾಗಡ್ಡಿ. ಮೊಸರನ್ನು ಅಲ್ಲೇ ಕೊಳ್ಳಿ. ನಾಲ್ಕು ಜನರ ಮಧ್ಯಾಹ್ನ ಸಲೀಸಾಗಿ ನಡೆಯುತ್ತದೆ, ಎರಡು ದಿನ ಇಟ್ಟರೂ ಕೆಡುವುದಿಲ್ಲ.

ಎಲ್ಲಿಯೂ ಕೋಣೆ ಸಿಗದ ರಜೆಯಲ್ಲಿ ಮನೆಯಲ್ಲೇ ಕೂರಬೇಕಿಲ್ಲ. ಭೀಮಾ–ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ ಚಾಲುಕ್ಯ ಕಾಲದ ಸಂಗಮೇಶ್ವರ, ನೂರಾರು ಮುಖಗಳನ್ನು ಕೆತ್ತಿದ ಅಪರೂಪದ ಲಿಂಗ, 1018ರ ಮರಾಠಿ ಶಾಸನ ಇವೆ. ಸೊಲ್ಲಾಪುರದಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಹೈದರಾಬಾದ ರಸ್ತೆಯ ನಳದುರ್ಗ ಕೋಟೆಯೂ ಒಳ್ಳೆಯದೇ. ಆದರೆ ಮಳೆಗಾಲದ ರಜೆಯಲ್ಲಿ ಕೋಟೆಯ ಅಣೆಕಟ್ಟೆಯೊಳಗಿನ ಪಾಣಿಮಹಲಿನ ಮೇಲೆ ನೀರು ಧುಮುಕುವುದನ್ನು ನೋಡಲು ಅಲ್ಲಿಗೂ ಮಂದಿ ಮುತ್ತುತ್ತಾರೆ. ಬೆಳಿಗ್ಗೆ ಎಂಟರೊಳಗೆ ಹೋಗಿ.

ಮರಳುವ ದಿನ ಬಾದಾಮಿಯನ್ನಾಗಲಿ ಹೊಸಪೇಟೆಯನ್ನಾಗಲಿ ಊಟಕ್ಕೆ ಮೊದಲೇ ಬಿಡಿ. ನವೆಂಬರಿನಿಂದ ಮಾರ್ಚಿನವರೆಗೆ ಬಾಗಲಕೋಟೆ, ವಿಜಯಪುರ, ಸೊಲ್ಲಾಪುರ ಮೂರೂ ಜಿಲ್ಲೆಗಳಲ್ಲಿ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ರಾತ್ರಿಯಿಡೀ ಕಾರ್ಖಾನೆಗೆ ಸಾಗುತ್ತವೆ, ಪಂಕ್ಚರಾದರೆ ರಸ್ತೆಯ ಮೇಲೆಯೇ ನಿಲ್ಲುತ್ತವೆ. ಎದುರಿನ ಗಾಡಿಯ ದೀಪ ಕಣ್ಣಿಗೆ ಹೊಡೆಯುವಾಗ ಹೊರಚಾಚಿದ ಕಬ್ಬಿನ ಜಲ್ಲೆ ಗಾಜಿನ ಮುಂದೆ ಬರುವವರೆಗೆ ಕಾಣುವುದಿಲ್ಲ. ಸೂರ್ಯ ಮುಳುಗುವಷ್ಟರಲ್ಲಿ ವಿಜಯಪುರ ದಾಟಿರಬೇಕು. ದಾಟಲಾಗದಿದ್ದರೆ ಅಲ್ಲಿಯೇ ಒಂದು ರಾತ್ರಿ ಉಳಿದು ನಸುಕಿನಲ್ಲಿ ಹೊರಡಿ, ಒಂಬತ್ತಕ್ಕೆ ಸೊಲ್ಲಾಪುರದ ಕೆಲಸಕ್ಕೆ ಆರಾಮವಾಗಿ ಮುಟ್ಟುತ್ತೀರಿ.